ಒಂದು ಹಾಕಿದರೆ ಇನ್ನೊಂದು ಕೆಡುವುದೇಕೆ? ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿ ಸಾಫ್ಟ್‌ವೇರ್ ತಿಕ್ಕಾಟ ಬಿಡಿಸುವ ಬಗೆ

ಹೊಸ ಸಾಫ್ಟ್‌ವೇರ್ ಹಾಕಿದ ಮರುದಿನ ಹಳೆಯದೊಂದು ತೆರೆಯುವುದಿಲ್ಲ. ಕನ್ನಡ ಟೈಪ್ ಮಾಡಿದರೆ ಒಂದೇ ಅಕ್ಷರ ಎರಡೆರಡು ಸಲ ಬೀಳುತ್ತದೆ. ಎಕ್ಸೆಲ್ ತೆರೆದಾಗಲೆಲ್ಲ ‘ಆಫೀಸ್ ಕಾನ್ಫಿಗರ್ ಆಗುತ್ತಿದೆ, ಕಾಯಿರಿ’ ಎಂಬ ಕಿಟಕಿ ಬಂದು ಕೂರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಎರಡು: ಅನುಮಾನ ಬಂದದ್ದನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡುವುದು, ಇಲ್ಲವೇ ಫಾರ್ಮ್ಯಾಟ್ ಹೊಡೆಯುವುದು. ಮೊದಲನೆಯದರಿಂದ ಸರಿಯಾಗಿದ್ದ ಮೂರನೆಯ ಸಾಫ್ಟ್‌ವೇರೂ ಕೆಡಬಹುದು. ಎರಡನೆಯದು ದಿನವನ್ನೇ ತಿನ್ನುತ್ತದೆ. ಅದೇ ಎರಡು ಸಾಫ್ಟ್‌ವೇರ್‌ಗಳನ್ನು ಮತ್ತೆ ಹಾಕಿದಾಗ ಅದೇ ತೊಂದರೆ ಮರಳಿ ಬರುತ್ತದೆ.

ಎರಡು ಸಾಫ್ಟ್‌ವೇರ್‌ಗಳು ಸುಮ್ಮಸುಮ್ಮನೆ ತಿಕ್ಕಾಡುವುದಿಲ್ಲ. ಇಬ್ಬರಿಗೂ ಬೇಕಾದ, ಆದರೆ ಒಬ್ಬರ ಕೈಗಷ್ಟೇ ಸಿಗುವ ವಸ್ತುವೊಂದು ನಡುವೆ ಇರುತ್ತದೆ. ಅದು ಒಂದು ಡಿಎಲ್‌ಎಲ್ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಫೈಲ್ ಇರಬಹುದು, ಒಂದು ನೆಟ್‌ವರ್ಕ್ ಪೋರ್ಟ್ (ಪ್ರೋಗ್ರಾಂ ಸಂಪರ್ಕಕ್ಕೆ ಬಳಸುವ ಬಾಗಿಲಿನ ಸಂಖ್ಯೆ) ಇರಬಹುದು, ಕೀಬೋರ್ಡಿನ ಒತ್ತುವಿಕೆ, ರಿಜಿಸ್ಟ್ರಿಯ (ಸೆಟ್ಟಿಂಗ್‌ಗಳನ್ನು ವಿಂಡೋಸ್ ಬರೆದಿಡುವ ಕಡತದ) ಒಂದು ನಮೂದು, ಡಿಸ್ಕಿನ ಮೇಲೆ ಕಾವಲು ಕೂರುವ ಡ್ರೈವರ್ ಯಾವುದೂ ಇರಬಹುದು. ಆ ವಸ್ತು ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಸಲ ಯಾವುದನ್ನೂ ತೆಗೆಯಬೇಕಾಗಿಯೇ ಇರುವುದಿಲ್ಲ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು. ಮೆನು ಮತ್ತು ಆಜ್ಞೆಗಳ ಹೆಸರನ್ನು ಉಚ್ಚರಿಸುವಂತೆ ಬರೆದಿದೆ. ಕಂಪ್ಯೂಟರಿನಲ್ಲಿ ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೊದಲು ದಾಖಲೆ ನೋಡಿ

ಏನನ್ನೂ ಮುಟ್ಟುವ ಮೊದಲು ‘ಯಾವತ್ತಿನಿಂದ ಕೆಟ್ಟಿದೆ, ಅವತ್ತು ಏನು ಬದಲಾಯಿತು’ ಎಂಬ ಪ್ರಶ್ನೆಗೆ ಉತ್ತರ ಬೇಕು. ಬಳಸುವವರ ನೆನಪನ್ನು ನೆಚ್ಚಿಕೊಳ್ಳಬೇಕಿಲ್ಲ, ವಿಂಡೋಸ್ ಅದನ್ನು ಬರೆದಿಟ್ಟುಕೊಂಡಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತದೆ. ದಿನಕ್ಕೊಂದು ಕಂಬದಂತೆ ಇರುವ ಆ ಪಟ್ಟಿಯಲ್ಲಿ ಯಾವ ದಿನ ಯಾವುದು ಇನ್‌ಸ್ಟಾಲ್ ಆಯಿತು, ಯಾವ ಅಪ್‌ಡೇಟ್ ಬಂತು, ಯಾವ ಪ್ರೋಗ್ರಾಂ ಕುಸಿಯಿತು ಎಂಬುದೆಲ್ಲ ಒಟ್ಟಿಗೇ ಕಾಣುತ್ತದೆ. ಕೆಂಪು ಗುರುತು ಮೊದಲು ಬಿದ್ದ ದಿನವನ್ನೂ ಅದರ ಹಿಂದಿನ ದಿನವನ್ನೂ ನೋಡಿ.

ಹೆಚ್ಚಿನ ವಿವರಕ್ಕೆ ಈವೆಂಟ್ ವ್ಯೂವರ್ ತೆರೆದು ‘ವಿಂಡೋಸ್ ಲಾಗ್ಸ್’ ಅಡಿಯ ‘ಅಪ್ಲಿಕೇಶನ್’ಗೆ ಹೋಗಿ. ಪ್ರೋಗ್ರಾಂ ಕುಸಿದಾಗ 1000 ಸಂಖ್ಯೆಯ ನಮೂದು ಬೀಳುತ್ತದೆ. ಅದರೊಳಗಿನ ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಸಾಲು ತುಂಬ ಮುಖ್ಯ: ಕುಸಿಯುವ ಗಳಿಗೆಯಲ್ಲಿ ಯಾವ ಫೈಲ್ ಓಡುತ್ತಿತ್ತು ಎಂದು ಅದು ಹೇಳುತ್ತದೆ. ಆ ಫೈಲ್ ಇರುವ ಜಾಗ ಕುಸಿದ ಸಾಫ್ಟ್‌ವೇರಿನ ಸ್ವಂತ ಫೋಲ್ಡರೇ ಆಗಿದ್ದರೆ ದೋಷ ಅದರದ್ದೇ ಇರಬಹುದು, ಮೊದಲು ರಿಪೇರ್ ಮಾಡಿ ನೋಡಬೇಕು. ಅದು ಬೇರೆ ಕಂಪನಿಯ ಫೋಲ್ಡರ್ ಆಗಿದ್ದರೆ ಒಳನುಗ್ಗಿದವರು ಯಾರೆಂದು ಗೊತ್ತಾಯಿತು. ಪ್ರಿಂಟರ್ ಜತೆ ಬಂದ ಆ್ಯಡ್-ಇನ್, ಕ್ಲೌಡ್ ಸಿಂಕ್ ಸಾಫ್ಟ್‌ವೇರ್, ಪಿಡಿಎಫ್ ತಯಾರಿಸುವ ಪ್ಲಗ್-ಇನ್ ಇಂಥವು ಹೀಗೆ ಸಿಕ್ಕಿಬೀಳುತ್ತವೆ. ಆದರೆ ಅಲ್ಲಿ ಎನ್‌ಟಿಡಿಎಲ್‌ಎಲ್ ಅಥವಾ ಕರ್ನಲ್‌ಬೇಸ್ ಎಂಬ ವಿಂಡೋಸ್‌ನದೇ ಫೈಲಿನ ಹೆಸರಿದ್ದರೆ ವಿಂಡೋಸೇ ಕೆಟ್ಟಿದೆ ಎಂದುಕೊಳ್ಳಬೇಡಿ. ತಪ್ಪು ಎಲ್ಲೇ ಆಗಿದ್ದರೂ ಕೊನೆಗೆ ಕುಸಿತ ದಾಖಲಾಗುವುದು ಹೆಚ್ಚಾಗಿ ಅಲ್ಲೇ. ಆ ಹೆಸರಿನಿಂದ ತಿಳಿಯುವುದು ಕಡಿಮೆ.

ಇನ್‌ಸ್ಟಾಲ್ ಮಾಡುವಾಗಲೇ ನಿಂತುಹೋದರೆ ತೆರೆಯಲ್ಲಿ ಬರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ವಿಂಡೋಸ್ ಇನ್‌ಸ್ಟಾಲರ್‌ನ ಸಂಖ್ಯೆಗಳಿಗೆ ಗೊತ್ತಾದ ಅರ್ಥವಿದೆ. 1618 ಎಂದರೆ ಇನ್ನೊಂದು ಇನ್‌ಸ್ಟಾಲ್ ಆಗಲೇ ನಡೆಯುತ್ತಿದೆ. ಒಂದು ಹೊತ್ತಿಗೆ ಒಂದೇ ನಡೆಯಬೇಕೆಂಬುದು ಅದರ ನಿಯಮ. ಹಿನ್ನೆಲೆಯಲ್ಲಿ ಅಪ್‌ಡೇಟ್ ಓಡುತ್ತಿದ್ದರೆ ಅದು ಮುಗಿಯುವ ತನಕ ಕಾಯಿರಿ. 1638 ಎಂದರೆ ಇದೇ ಉತ್ಪನ್ನದ ಬೇರೆ ಆವೃತ್ತಿ ಆಗಲೇ ಇದೆ. 3010 ದೋಷವೇ ಅಲ್ಲ, ಕೆಲಸ ಆಗಿದೆ, ರೀಸ್ಟಾರ್ಟ್ ಬೇಕು ಎಂಬ ಸೂಚನೆ. 1603 ಮಾತ್ರ ಏನನ್ನೂ ಬಿಡಿಸಿ ಹೇಳದ ಸಂಖ್ಯೆ. ಆಗ ಲಾಗ್ (ಪ್ರತಿ ಹೆಜ್ಜೆಯ ದಾಖಲೆ) ಸಮೇತ ಇನ್‌ಸ್ಟಾಲ್ ಓಡಿಸಿ, ಆ ಲಾಗ್ ಫೈಲಿನಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಎಂದು ಹುಡುಕಬೇಕು. ನಿಜವಾದ ಕಾರಣ ಸಾಮಾನ್ಯವಾಗಿ ಅದರ ಮೇಲಿನ ಹತ್ತಿಪ್ಪತ್ತು ಸಾಲುಗಳಲ್ಲಿರುತ್ತದೆ.

ಮುಂದಿನ ಹೆಜ್ಜೆಗೆ ಮೊದಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿದರೆ ಸಿಗುತ್ತದೆ. ಎಷ್ಟೋ ಯಂತ್ರಗಳಲ್ಲಿ ಸಿ ಡ್ರೈವಿನ ಪ್ರೊಟೆಕ್ಷನ್ ಆಫ್ ಆಗಿಯೇ ಇರುತ್ತದೆ, ಮೊದಲು ಆನ್ ಮಾಡಬೇಕು. ಇದು ಸಿಸ್ಟಂ ಫೈಲ್, ಡ್ರೈವರ್, ರಿಜಿಸ್ಟ್ರಿ, ಪ್ರೋಗ್ರಾಂಗಳನ್ನು ಹಿಂದಕ್ಕೆ ಒಯ್ಯುತ್ತದೆಯೇ ಹೊರತು ನಿಮ್ಮ ದಾಖಲೆಗಳ ಬ್ಯಾಕಪ್ ಅಲ್ಲ. ಟ್ಯಾಲಿ ಡೇಟಾ, ಔಟ್‌ಲುಕ್ ಪಿಎಸ್‌ಟಿ ಫೈಲ್ ಮುಂತಾದವನ್ನು ಬೇರೆ ಡಿಸ್ಕಿಗೆ ನಕಲು ಮಾಡಲೇಬೇಕು.

ಡಿಎಲ್‌ಎಲ್ ಮತ್ತು ವಿಷುಯಲ್ ಸಿ++ ಪಟ್ಟಿ

ವಿಂಡೋಸ್ 95, 98ರ ಕಾಲದಲ್ಲಿ ಪ್ರತಿ ಸಾಫ್ಟ್‌ವೇರೂ ತನಗೆ ಬೇಕಾದ ಡಿಎಲ್‌ಎಲ್‌ಗಳನ್ನು ಸಿಸ್ಟಂ ಫೋಲ್ಡರಿಗೇ ಸುರಿಯುತ್ತಿತ್ತು. ಹೊಸ ಫೈಲಿನ ಮೇಲೆ ಹಳೆಯದು ಕೂತು, ನಿನ್ನೆಯ ತನಕ ಓಡುತ್ತಿದ್ದ ಪ್ರೋಗ್ರಾಂ ಇವತ್ತು ನಿಲ್ಲುತ್ತಿತ್ತು. ತಂತ್ರಜ್ಞರ ಬಾಯಲ್ಲಿ ‘ಡಿಎಲ್‌ಎಲ್ ಹೆಲ್’ ಎಂಬ ಹೆಸರು ಹುಟ್ಟಿದ್ದು ಇದರಿಂದಲೇ. ವಿಂಡೋಸ್ 2000ದಲ್ಲಿ ಸಿಸ್ಟಂ ಫೈಲುಗಳಿಗೆ ರಕ್ಷಣೆ ಬಂತು. ಎಕ್ಸ್‌ಪಿಯಲ್ಲಿ ಒಂದೇ ಡಿಎಲ್‌ಎಲ್‌ನ ಹಲವು ಆವೃತ್ತಿಗಳನ್ನು ಅಕ್ಕಪಕ್ಕ ಇಡುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಬಂತು. ಹಾಗಾಗಿ ಒಂದರ ಮೇಲೊಂದು ಕೂರುವ ತೊಂದರೆ ಈಗ ಅಪರೂಪ. ಈಗ ಹೆಚ್ಚಾಗಿ ಕಾಣುವುದು ಎರಡು: ಬೇಕಾದ ಡಿಎಲ್‌ಎಲ್ ಇಲ್ಲದಿರುವುದು, ಅಥವಾ ತಪ್ಪು ಬಿಟ್‌ನದು ಎದುರಾಗುವುದು.

‘ವಿಸಿರನ್‌ಟೈಮ್140 ಡಿಎಲ್‌ಎಲ್ ಸಿಗಲಿಲ್ಲ’, ‘ಎಂಎಸ್‌ವಿಸಿಪಿ140 ಸಿಗಲಿಲ್ಲ’ ಎಂಬ ಸಂದೇಶಗಳನ್ನು ನೋಡದವರು ಕಡಿಮೆ. ಇವು ಮೈಕ್ರೋಸಾಫ್ಟ್ ವಿಷುಯಲ್ ಸಿ++ ರಿಡಿಸ್ಟ್ರಿಬ್ಯೂಟಬಲ್ ಎಂಬ ಪ್ಯಾಕೇಜಿನ ಭಾಗಗಳು. ಆ್ಯಪ್‌ಗಳ ಪಟ್ಟಿಯಲ್ಲಿ 2005, 2008, 2010, 2012, 2013 ಎಂದು ಇದರ ಸಾಲೇ ಕಾಣುತ್ತದೆ, ಒಂದೊಂದು ವರ್ಷಕ್ಕೂ ಎಕ್ಸ್86 (32 ಬಿಟ್), ಎಕ್ಸ್64 (64 ಬಿಟ್) ಎಂದು ಎರಡೆರಡು. ಇಷ್ಟೊಂದು ಏಕೆ, ಹೊಸದೊಂದಿದ್ದರೆ ಸಾಲದೇ ಎಂದು ಹಳೆಯವನ್ನು ಅಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 2008ರದ್ದನ್ನು ಬಳಸಿ ಕಟ್ಟಿದ ಪ್ರೋಗ್ರಾಂಗೆ 2008ರದ್ದೇ ಬೇಕು, 2013ರದ್ದು ಅದರ ಬದಲಿಗೆ ನಿಲ್ಲುವುದಿಲ್ಲ. 2015ರಿಂದ ಮಾತ್ರ ಈ ಪದ್ಧತಿ ಬದಲಾಯಿತು: 2015, 2017, 2019, 2022 ಎಲ್ಲಕ್ಕೂ ಒಂದೇ ಪ್ಯಾಕೇಜ್, ಹೊಸದು ಹಳೆಯದರ ಜಾಗ ತುಂಬುತ್ತದೆ. ಆದ್ದರಿಂದ ಆಗಲೇ 2022ರದ್ದು ಇರುವ ಕಂಪ್ಯೂಟರಿನಲ್ಲಿ ಯಾವುದೋ ಸಾಫ್ಟ್‌ವೇರ್ ತನ್ನ ಜತೆಗಿರುವ 2015ರ ಪ್ಯಾಕೇಜ್ ಹಾಕಲು ಹೋದರೆ 0ಎಕ್ಸ್80070666 ಎಂಬ ದೋಷ ಬರುತ್ತದೆ. ಹೆಕ್ಸ್, ಅಂದರೆ 16ರ ಆಧಾರದ ಎಣಿಕೆಯ 666 ಎಂದರೆ ಮೇಲೆ ಹೇಳಿದ 1638ನೇ ಸಂಖ್ಯೆಯೇ: ಇದಕ್ಕಿಂತ ಹೊಸದು ಆಗಲೇ ಇದೆ. ಹೆದರಬೇಕಿಲ್ಲ, ಆ ಹೆಜ್ಜೆಯನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಇನ್‌ಸ್ಟಾಲರ್ ಹಟ ಹಿಡಿದು ಅಲ್ಲೇ ನಿಂತರೆ, 2015–2022ರ ಪ್ಯಾಕೇಜನ್ನು ತೆಗೆದು, ಆ ಸಾಫ್ಟ್‌ವೇರ್ ಹಾಕಿ, ಕೊನೆಗೆ ಹೊಸ ಪ್ಯಾಕೇಜನ್ನು ಮತ್ತೆ ಹಾಕಬೇಕು.

64 ಬಿಟ್ ವಿಂಡೋಸ್‌ನಲ್ಲೂ ಎಕ್ಸ್86 ಪ್ಯಾಕೇಜ್ ಬೇಕಾಗುತ್ತದೆ. ಯಾವುದು ಬೇಕೆಂದು ತೀರ್ಮಾನಿಸುವುದು ಪ್ರೋಗ್ರಾಂ, ವಿಂಡೋಸ್ ಅಲ್ಲ. 32 ಬಿಟ್‌ನ ಪ್ರೋಗ್ರಾಂ 32 ಬಿಟ್‌ನ ಡಿಎಲ್‌ಎಲ್ ಅನ್ನೇ ಕೇಳುತ್ತದೆ. ಎರಡು ಬೆರೆತರೆ 0ಎಕ್ಸ್‌ಸಿ000007ಬಿ ಎಂಬ ದೋಷ ತೋರಿಸಿ ಪ್ರೋಗ್ರಾಂ ತೆರೆಯದೇ ಹೋಗುತ್ತದೆ. ಇಲ್ಲಿ ಎಷ್ಟೋ ಜನ ಎಡವುವ ಒಂದು ವಿಷಯವಿದೆ: ಸಿಸ್ಟಂ32 ಫೋಲ್ಡರಿನಲ್ಲಿರುವುದು 64 ಬಿಟ್‌ನ ಡಿಎಲ್‌ಎಲ್‌ಗಳು, 32 ಬಿಟ್‌ನವು ಇರುವುದು ಸಿಸ್‌ವಾವ್64 ಫೋಲ್ಡರಿನಲ್ಲಿ. ಹೆಸರು ನೋಡಿದರೆ ತಲೆಕೆಳಗು, ಹಳೆಯ ಪ್ರೋಗ್ರಾಂಗಳಿಗೆ ತೊಂದರೆಯಾಗದಿರಲೆಂದು ಹಾಗೆಯೇ ಉಳಿಸಿಕೊಂಡಿದ್ದಾರೆ. ಬಿಡಿ ಡಿಎಲ್‌ಎಲ್ ಹಂಚುವ ಜಾಲತಾಣಗಳಿಂದ ಫೈಲ್ ಇಳಿಸಿಕೊಂಡು ಸಿಸ್ಟಂ32ಕ್ಕೆ ಹಾಕುವವರು ಈ ದೋಷವನ್ನು ತಾವೇ ಬರಮಾಡಿಕೊಳ್ಳುತ್ತಾರೆ. ಫೈಲಿನ ಮೂಲ ಯಾವುದು, ಒಳಗೆ ಏನಿದೆ ಎಂಬುದೂ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟ್ ತಾಣದಿಂದಲೇ ಎಕ್ಸ್86, ಎಕ್ಸ್64 ಎರಡೂ ಪ್ಯಾಕೇಜ್ ಇಳಿಸಿ ಹಾಕಿ, ಅಷ್ಟೇ.

ಪ್ಯಾಕೇಜ್ ಸರಿಯಿದ್ದೂ ತಪ್ಪು ಡಿಎಲ್‌ಎಲ್ ಲೋಡ್ ಆಗುತ್ತಿದ್ದರೆ ಹುಡುಕುವ ಕ್ರಮವನ್ನು ನೆನೆಯಿರಿ. ಪ್ರೋಗ್ರಾಂ ಮೊದಲು ತನ್ನ ಸ್ವಂತ ಫೋಲ್ಡರಿನಲ್ಲಿ ನೋಡುತ್ತದೆ, ಆಮೇಲೆ ಸಿಸ್ಟಂ ಫೋಲ್ಡರ್, ವಿಂಡೋಸ್ ಫೋಲ್ಡರ್, ಕೊನೆಗೆ ‘ಪಾತ್’ (ವಿಂಡೋಸ್ ಹುಡುಕಬೇಕಾದ ಜಾಗಗಳ) ಪಟ್ಟಿಯಲ್ಲಿರುವ ಫೋಲ್ಡರ್‌ಗಳು. ಸ್ವಂತ ಫೋಲ್ಡರಿನಲ್ಲಿ ಯಾರೋ ತಂದಿಟ್ಟ ಹಳೆಯ ಡಿಎಲ್‌ಎಲ್ ಇದ್ದರೆ ಸಿಸ್ಟಂನಲ್ಲಿ ಎಷ್ಟೇ ಹೊಸದಿದ್ದರೂ ಅದರ ಸರದಿ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಗುಂಪಿನ ‘ಪ್ರೋಸೆಸ್ ಎಕ್ಸ್‌ಪ್ಲೋರರ್’ ಎಂಬ ಉಚಿತ ಸಾಧನದಲ್ಲಿ ಯಾವ ಪ್ರೋಗ್ರಾಂ ಯಾವ ಜಾಗದಿಂದ ಯಾವ ಡಿಎಲ್‌ಎಲ್ ಎತ್ತಿಕೊಂಡಿದೆ ಎಂದು ಕಣ್ಣಾರೆ ನೋಡಬಹುದು.

ಆಫೀಸ್: 32 ಬಿಟ್, 64 ಬಿಟ್ ಒಟ್ಟಿಗೆ ಬಾಳುವುದಿಲ್ಲ

ಕಚೇರಿಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ತಿಕ್ಕಾಟ ಇದು. ಒಂದೇ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಆಫೀಸಿನ 32 ಬಿಟ್ ಮತ್ತು 64 ಬಿಟ್ ಆವೃತ್ತಿಗಳನ್ನು ಒಟ್ಟಿಗೆ ಇಡಲು ಬರುವುದಿಲ್ಲ. ಹಿಂದೆಲ್ಲ ತಾನಾಗಿ ಇನ್‌ಸ್ಟಾಲ್ ಆಗುತ್ತಿದ್ದದ್ದು 32 ಬಿಟ್. ಆಫೀಸ್ 2019 ಮತ್ತು ಮೈಕ್ರೋಸಾಫ್ಟ್ 365 ಬಂದ ಮೇಲೆ, ಬೇರೆ ಆಯ್ಕೆ ಮಾಡದಿದ್ದರೆ ಬರುವುದು 64 ಬಿಟ್. ಹೊಸ ಕಂಪ್ಯೂಟರ್ ಕೊಂಡ ಕೂಡಲೇ ಹಳೆಯ ಲೆಕ್ಕಪತ್ರದ ಯುಟಿಲಿಟಿ ನಿಂತುಹೋಯಿತು, ಎಕ್ಸೆಲ್ ಆ್ಯಡ್-ಇನ್ ಕಾಣೆಯಾಯಿತು ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ. 32 ಬಿಟ್‌ಗೆಂದು ಕಟ್ಟಿದ ಆ್ಯಡ್-ಇನ್, ಆ್ಯಕ್ಟಿವ್‌ಎಕ್ಸ್ ಕಂಟ್ರೋಲ್‌ಗಳು 64 ಬಿಟ್ ಆಫೀಸಿನಲ್ಲಿ ಲೋಡ್ ಆಗುವುದೇ ಇಲ್ಲ.

ನಿಮ್ಮಲ್ಲಿರುವುದು ಯಾವುದೆಂದು ತಿಳಿಯಲು ಎಕ್ಸೆಲ್‌ನಲ್ಲಿ ಫೈಲ್, ಅಕೌಂಟ್, ‘ಅಬೌಟ್ ಎಕ್ಸೆಲ್’ ಒತ್ತಿ. ಮೊದಲ ಸಾಲಿನ ಕೊನೆಯಲ್ಲೇ ಬರೆದಿರುತ್ತದೆ.

ಆ್ಯಕ್ಸೆಸ್ ಡೇಟಾಬೇಸ್ ಎಂಜಿನ್ ಕೇಳುವ ಸಾಫ್ಟ್‌ವೇರ್‌ಗಳು ಬಂದಾಗ ಇದು ಇನ್ನೂ ಗೋಜಲಾಗುತ್ತದೆ. ಎಕ್ಸೆಲ್ ಅಥವಾ ಎಂಡಿಬಿ ಫೈಲಿನಿಂದ ಮಾಹಿತಿ ಎತ್ತಿಕೊಳ್ಳುವ 64 ಬಿಟ್ ಪ್ರೋಗ್ರಾಂಗೆ 64 ಬಿಟ್‌ನ ಎಂಜಿನ್ ಬೇಕು. ಆದರೆ ಕಂಪ್ಯೂಟರಿನಲ್ಲಿ 32 ಬಿಟ್ ಆಫೀಸ್ ಇದ್ದರೆ ಆ ಎಂಜಿನ್‌ನ ಇನ್‌ಸ್ಟಾಲರ್ ಹಿಂದೆ ಸರಿಯುತ್ತದೆ. ‘ಕ್ವಯಟ್’ ಎಂಬ ಸ್ವಿಚ್ ಕೊಟ್ಟು ತೆರೆಮರೆಯಲ್ಲಿ ತುರುಕುವ ದಾರಿಯೊಂದು ಚಾಲ್ತಿಯಲ್ಲಿದೆ. ಅದು ಇನ್‌ಸ್ಟಾಲ್ ಆಗುತ್ತದೆ ನಿಜ. ಆದರೆ ಎರಡು ಬಿಟ್‌ನ ಆಫೀಸ್ ಭಾಗಗಳು ಒಂದೇ ರಿಜಿಸ್ಟ್ರಿ ನಮೂದುಗಳಿಗೆ ಕೈಹಾಕುವುದರಿಂದ ಆಫೀಸ್ ತೆರೆದಾಗಲೆಲ್ಲ ಕಾನ್ಫಿಗರ್ ಆಗುವ ಕಾಟ ಶುರುವಾಗಬಹುದು. ಕೆಲಸ ನಡೆಯಬೇಕಾದ ಕಂಪ್ಯೂಟರಿನಲ್ಲಿ ಈ ದಾರಿ ಬೇಡ. ಆ ಪ್ರೋಗ್ರಾಂನ 32 ಬಿಟ್ ಆವೃತ್ತಿ ಇದೆಯೇ ಎಂದು ತಯಾರಕರನ್ನು ಕೇಳುವುದು ಮೊದಲ ಆಯ್ಕೆ. ಇಲ್ಲದಿದ್ದರೆ ಆಫೀಸನ್ನೇ 64 ಬಿಟ್‌ಗೆ ಬದಲಿಸಬೇಕು. ಅದಕ್ಕೆ ಗುಂಡಿ ಒತ್ತಿ ಬದಲಿಸುವ ಸೌಲಭ್ಯವಿಲ್ಲ. ಇರುವುದನ್ನು ಪೂರ್ತಿ ತೆಗೆದು, ಹೊಸದಾಗಿ ಇಳಿಸಿಕೊಳ್ಳುವಾಗ ‘ಅದರ್ ಆಪ್ಷನ್ಸ್’ನಲ್ಲಿ ಬಿಟ್ ಆರಿಸಬೇಕು. ತೆಗೆಯುವ ಮೊದಲು ನಿಮ್ಮ ಆ್ಯಡ್-ಇನ್‌ಗಳ ಪಟ್ಟಿ ಬರೆದಿಟ್ಟುಕೊಂಡು, ಒಂದೊಂದಕ್ಕೂ ಹೊಸ ಬಿಟ್‌ನ ಆವೃತ್ತಿ ಸಿಗುತ್ತದೆಯೇ ಎಂದು ನೋಡಿಕೊಳ್ಳಿ.

ಬಿಟ್ ಒಂದೇ ಇದ್ದರೂ ಇನ್‌ಸ್ಟಾಲ್ ಆಗುವ ವಿಧಾನ ಬೇರೆಯಾದರೆ ಅಲ್ಲೂ ತಿಕ್ಕಾಟ. ಹಳೆಯ ಆಫೀಸ್ 2016ರ ವಾಲ್ಯೂಮ್ ಲೈಸೆನ್ಸ್ ಪ್ರತಿಗಳು ವಿಂಡೋಸ್ ಇನ್‌ಸ್ಟಾಲರ್ ಮೂಲಕ ಬರುತ್ತಿದ್ದವು. 2019 ಮತ್ತು ನಂತರದವು ‘ಕ್ಲಿಕ್-ಟು-ರನ್’ ವಿಧಾನದವು. ಎರಡೂ ಒಳಗೆ 16ನೇ ಆವೃತ್ತಿಯೇ ಆದ್ದರಿಂದ ಹಳೆಯ 2016ರ ಪಕ್ಕದಲ್ಲಿ ಹೊಸ ವಿಸಿಯೊ (ರೇಖಾಚಿತ್ರ ಬರೆಯುವ ಆಫೀಸ್ ಪ್ರೋಗ್ರಾಂ) ಒಂದನ್ನು ಹಾಕಲು ಹೋದರೂ ತಡೆ ಬೀಳುತ್ತದೆ. ಇನ್ನು ಆಫೀಸ್ 2010, 2013 ಎರಡೂ ಇರುವ ಕಂಪ್ಯೂಟರ್‌ಗಳಲ್ಲಿ ಒಂದನ್ನು ತೆರೆದಾಗ ಅದು ಎಕ್ಸೆಲ್ ಫೈಲುಗಳನ್ನು ತನ್ನದೆಂದು ಬರೆಸಿಕೊಳ್ಳುತ್ತದೆ, ಇನ್ನೊಂದನ್ನು ತೆರೆದಾಗ ಅದು ಕಿತ್ತುಕೊಳ್ಳುತ್ತದೆ. ಪದೇ ಪದೇ ಬರುವ ಕಾನ್ಫಿಗರ್ ಕಿಟಕಿ ಇದರದ್ದೇ. ಎರಡೂ ಬೇಕೇಬೇಕು ಎನ್ನುವವರು ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ ಹಾಕಬೇಕು.

ನುಡಿ, ಬರಹ ಮತ್ತು ವಿಂಡೋಸ್‌ನ ಕನ್ನಡ ಕೀಬೋರ್ಡ್

ಕನ್ನಡದಲ್ಲಿ ಕೆಲಸ ಮಾಡುವ ಕಂಪ್ಯೂಟರ್‌ಗಳಿಗೇ ವಿಶೇಷವಾದ ತಿಕ್ಕಾಟವಿದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ, ‘ಬರಹ’ ಎಂಬ ಇನ್ನೊಂದು ಟೈಪಿಂಗ್ ಸಾಫ್ಟ್‌ವೇರ್ ಆಗಲಿ, ನೀವು ಒತ್ತಿದ ಇಂಗ್ಲಿಷ್ ಕೀಲಿಯನ್ನು ಪ್ರೋಗ್ರಾಂಗೆ ತಲುಪುವ ಮೊದಲೇ ನಡುದಾರಿಯಲ್ಲಿ ತಡೆದು, ಅದರ ಬದಲು ಕನ್ನಡ ಅಕ್ಷರವನ್ನು ಕಳಿಸುತ್ತವೆ. ಎರಡೂ ಒಟ್ಟಿಗೆ ಓಡುತ್ತಿದ್ದರೆ ಒಂದರ ಫಲಿತಾಂಶ ಇನ್ನೊಂದರ ಕೈಗೆ ಸಿಗುತ್ತದೆ. ಅಕ್ಷರ ಎರಡು ಸಲ ಬೀಳುವುದು, ಒತ್ತಕ್ಷರದ ಜಾಗದಲ್ಲಿ ಬಿಡಿ ಅಕ್ಷರ ಬರುವುದು, ಕನ್ನಡದ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ಉಳಿಯುವುದು ಇವೆಲ್ಲ ಅದರ ಲಕ್ಷಣ.

ಎರಡರಲ್ಲಿ ಒಂದನ್ನು ತೆಗೆದುಹಾಕಬೇಕಿಲ್ಲ. ಎರಡೂ ಕಂಪ್ಯೂಟರಿನಲ್ಲಿರಲಿ, ಒಂದು ಹೊತ್ತಿಗೆ ಒಂದೇ ಓಡಲಿ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ವಿಭಾಗದಲ್ಲಿ ಎರಡನ್ನೂ ಡಿಸೇಬಲ್ ಮಾಡಿ, ಬೇಕಾದಾಗ ಬೇಕಾದ್ದನ್ನು ಕೈಯಿಂದ ತೆರೆಯಿರಿ. ಬದಲಿಸುವಾಗ ಗಡಿಯಾರದ ಪಕ್ಕದ ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ ಹಿಂದಿನದರಿಂದ ಪೂರ್ತಿ ಹೊರಬನ್ನಿ. ಕಿಟಕಿ ಮುಚ್ಚಿದ ಮಾತ್ರಕ್ಕೆ ಅದು ನಿಂತಿರುವುದಿಲ್ಲ.

ಇವು ಓಡುವಾಗ ವಿಂಡೋಸ್‌ನ ಇನ್‌ಪುಟ್ ಭಾಷೆ ಇಂಗ್ಲಿಷ್ ಆಗಿಯೇ ಇರಬೇಕು. ವಿಂಡೋಸ್ ತನ್ನದೇ ಕನ್ನಡ ಕೀಬೋರ್ಡುಗಳನ್ನೂ ಕೊಡುತ್ತದೆ: ಇನ್‌ಸ್ಕ್ರಿಪ್ಟ್ ಮೊದಲಿನಿಂದ ಇತ್ತು, 2019ರ ವಿಂಡೋಸ್ 10 ಅಪ್‌ಡೇಟ್‌ನಲ್ಲಿ ಫೋನೆಟಿಕ್ ಕೂಡ ಬಂತು. ಅದು ಆನ್ ಆಗಿದ್ದಾಗ ನುಡಿ ಅಥವಾ ಬರಹ ಓಡಿಸಿದರೆ ಪರಿವರ್ತನೆಯ ಮೇಲೆ ಪರಿವರ್ತನೆ ಆಗುತ್ತದೆ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುವ ಏರ್ಪಾಡು ಇರುವುದರಿಂದ ಎಷ್ಟೋ ಸಲ ಇದು ಗೊತ್ತಿಲ್ಲದೇ ಆಗಿಹೋಗಿರುತ್ತದೆ. ಟಾಸ್ಕ್‌ಬಾರಿನಲ್ಲಿ ಭಾಷೆಯ ಗುರುತು ನೋಡಿ, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಬದಲಿಸಿ. ‘ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್’ನಲ್ಲಿ ಆ ಕೀಲಿಜೋಡಿಯನ್ನೇ ತೆಗೆದುಹಾಕಲೂಬಹುದು.

ಎಲ್ಲ ಕಡೆ ಕನ್ನಡ ಬಂದು ಒಂದೇ ಒಂದು ಪ್ರೋಗ್ರಾಂನಲ್ಲಿ ಮಾತ್ರ ಬರದಿದ್ದರೆ, ಆ ಪ್ರೋಗ್ರಾಂ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿ ಓಡುತ್ತಿದೆಯೇ ನೋಡಿ. ಕೆಳಗಿನ ಅಧಿಕಾರದಲ್ಲಿ ಓಡುವ ಸಾಫ್ಟ್‌ವೇರ್ ಮೇಲಿನ ಅಧಿಕಾರದ ಕಿಟಕಿಯ ಕೀಲಿಗಳನ್ನು ತಡೆಯದಂತೆ ವಿಂಡೋಸ್ ಬೇಕೆಂದೇ ಗೋಡೆ ಹಾಕಿದೆ. ಆ ಪ್ರೋಗ್ರಾಂ ಅನ್ನು ಸಾಮಾನ್ಯವಾಗಿ ತೆರೆಯಿರಿ. ಆಗದಿದ್ದರೆ ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ.

ಯೂನಿಕೋಡ್‌ಗಿಂತ ಹಿಂದಿನ ಆನ್ಸಿ ಅಕ್ಷರಶೈಲಿಯಲ್ಲಿ ಬರೆದ ದಾಖಲೆ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಅದು ತಿಕ್ಕಾಟವಲ್ಲ, ಆ ಫಾಂಟ್ ಇಲ್ಲ ಅಷ್ಟೇ. ಫಾಂಟ್ ಹಾಕಿ, ಅಥವಾ ಪರಿವರ್ತಕ ಬಳಸಿ ಯೂನಿಕೋಡ್‌ಗೆ ತನ್ನಿ.

ಪೋರ್ಟ್ ಒಂದು, ಕೇಳುವವರು ಇಬ್ಬರು

ಕಂಪ್ಯೂಟರಿನೊಳಗೆ ಸರ್ವರ್‌ನಂತೆ ಕೂತು ಕೆಲಸ ಮಾಡುವ ಸಾಫ್ಟ್‌ವೇರ್‌ಗಳು ಒಂದೊಂದು ಪೋರ್ಟ್ ಸಂಖ್ಯೆಯನ್ನು ಹಿಡಿಯುತ್ತವೆ. ಒಂದು ಹಿಡಿದದ್ದು ಸಾಮಾನ್ಯವಾಗಿ ಇನ್ನೊಂದಕ್ಕೆ ಸಿಗುವುದಿಲ್ಲ. ಟ್ಯಾಲಿ ತಾನಾಗಿ ಹಿಡಿಯುವುದು 9000, ಮೈಎಸ್‌ಕ್ಯುಎಲ್ 3306, ವೆಬ್ ಸರ್ವರ್‌ಗಳು 80, ಜಿಎಸ್‌ಟಿ ಪೋರ್ಟಲ್‌ನ ಡಿಜಿಟಲ್ ಸಹಿಗೆ ಬೇಕಾದ ಎಮ್‌ಸೈನರ್ 1585. ಎಮ್‌ಸೈನರ್ ಶುರುವಾಗಿದ್ದರೂ ಪುಟ ಅದನ್ನು ಗುರುತಿಸುತ್ತಿಲ್ಲವಾದರೆ ಆ ಪೋರ್ಟ್ ಯಾರ ಕೈಯಲ್ಲಿದೆ ಎಂದು ನೋಡಬೇಕು.

ಅದಕ್ಕೆ ‘ರಿಸೋರ್ಸ್ ಮಾನಿಟರ್’ ತೆರೆದು ‘ನೆಟ್‌ವರ್ಕ್’ ವಿಭಾಗದ ಕೆಳಗೆ ‘ಲಿಸನಿಂಗ್ ಪೋರ್ಟ್ಸ್’ ಬಿಡಿಸಿ. ಪೋರ್ಟ್ ಸಂಖ್ಯೆ, ಅದನ್ನು ಹಿಡಿದ ಪ್ರೋಗ್ರಾಂ ಹೆಸರು, ಅದರ ಪಿಐಡಿ (ಓಡುತ್ತಿರುವ ಪ್ರೋಗ್ರಾಂಗೆ ವಿಂಡೋಸ್ ಕೊಡುವ ಸಂಖ್ಯೆ) ಒಂದೇ ಸಾಲಿನಲ್ಲಿ ಸಿಗುತ್ತವೆ. 80ನೇ ಪೋರ್ಟ್ ಹಿಡಿದದ್ದು ‘ಸಿಸ್ಟಂ’, ಪಿಐಡಿ 4 ಎಂದು ಕಂಡರೆ ವಿಂಡೋಸ್‌ನದೇ ವೆಬ್ ಸೇವೆ ಓಡುತ್ತಿರಬಹುದು. ಸರ್ವಿಸಸ್ ಪಟ್ಟಿಯಲ್ಲಿ ‘ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್’ ನಿಲ್ಲಿಸಿದರೆ ಅಪಾಚೆ ಎಂಬ ವೆಬ್ ಸರ್ವರ್‌ಗೆ ಜಾಗ ಬಿಡುವಾಗುತ್ತದೆ. ಯಾರೂ ಹಿಡಿದಂತೆ ಕಾಣದಿದ್ದರೂ ಪೋರ್ಟ್ ಸಿಗುತ್ತಿಲ್ಲ ಎಂಬ ವಿಚಿತ್ರ ಪರಿಸ್ಥಿತಿಯೂ ಉಂಟು. ಹೈಪರ್-ವಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವಿಂಡೋಸ್ ಸೌಲಭ್ಯ) ಆನ್ ಇರುವ ಕಂಪ್ಯೂಟರ್‌ಗಳಲ್ಲಿ ಪೋರ್ಟ್‌ಗಳ ಸಾಲುಸಾಲನ್ನೇ ಮುಂಗಡವಾಗಿ ಕಾದಿರಿಸಿಕೊಳ್ಳುವುದರಿಂದ ಹೀಗಾಗುತ್ತದೆ.

ಯಾರು ಜರುಗಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಹೊರಗಿನ ಪುಟವೊಂದು ನಿಗದಿತ ಸಂಖ್ಯೆಯಲ್ಲೇ ಹುಡುಕಿಕೊಂಡು ಬರುವ ಸಾಫ್ಟ್‌ವೇರ್ ಇದ್ದಲ್ಲೇ ಇರಬೇಕು, ಎಮ್‌ಸೈನರ್ ಅಂಥದ್ದು. ಸೆಟ್ಟಿಂಗ್‌ನಲ್ಲಿ ಪೋರ್ಟ್ ಬದಲಿಸಲು ಬರುವಂಥದ್ದು ಜರುಗಬೇಕು, ಟ್ಯಾಲಿ, ಅಪಾಚೆ ಅಂಥವು. ಬದಲಿಸಿದ ಮೇಲೆ ಅದಕ್ಕೆ ಸಂಪರ್ಕಿಸುವ ಬೇರೆ ಕಂಪ್ಯೂಟರ್‌ಗಳಲ್ಲೂ ಫೈರ್‌ವಾಲ್‌ನಲ್ಲೂ ಹೊಸ ಸಂಖ್ಯೆ ಹಾಕಲು ಮರೆತರೆ ತೊಂದರೆ ಜಾಗ ಬದಲಿಸಿದಂತಾಯಿತು, ಅಷ್ಟೇ.

ಎರಡು ಆ್ಯಂಟಿವೈರಸ್

ಒಂದೇ ಮನೆ ಬಾಗಿಲಿಗೆ ಇಬ್ಬರು ಕಾವಲುಗಾರರನ್ನು ನಿಲ್ಲಿಸಿ, ಪ್ರತಿಯೊಬ್ಬರೂ ಇನ್ನೊಬ್ಬರನ್ನೂ ತಪಾಸಣೆ ಮಾಡಬೇಕೆಂದರೆ ಒಳಗೆ ಹೋಗುವವರ ಗತಿ ಏನಾದೀತೋ, ಎರಡು ಆ್ಯಂಟಿವೈರಸ್ ಇರುವ ಕಂಪ್ಯೂಟರಿನ ಫೈಲುಗಳದ್ದೂ ಅದೇ ಗತಿ. ಪ್ರತಿ ಆ್ಯಂಟಿವೈರಸ್ ಫೈಲ್ ಸಿಸ್ಟಂ ಮೇಲೆ ತನ್ನದೊಂದು ಫಿಲ್ಟರ್ ಡ್ರೈವರ್ ಕೂರಿಸುತ್ತದೆ. ಒಂದು ಫೈಲ್ ತೆರೆದರೆ ಎರಡು ತಪಾಸಣೆ. ಒಂದು ಕ್ವಾರಂಟೈನ್ ಮಾಡಲು ಹೊರಟ ಫೈಲನ್ನು ಇನ್ನೊಂದು ಹಿಡಿದುಕೊಂಡಿರುತ್ತದೆ. ನಿಧಾನವಾಗುವುದರಿಂದ ಹಿಡಿದು ನೀಲಿ ತೆರೆಯ ತನಕ ಏನು ಬೇಕಾದರೂ ಆಗಬಹುದು.

ವಿಂಡೋಸ್ ಡಿಫೆಂಡರ್ ಇದರಲ್ಲಿ ಸೇರುವುದಿಲ್ಲ. ಬೇರೆ ಆ್ಯಂಟಿವೈರಸ್ ನೋಂದಣಿಯಾದ ಕೂಡಲೇ ಡಿಫೆಂಡರ್ ತನ್ನ ನಿರಂತರ ಕಾವಲನ್ನು ತಾನೇ ನಿಲ್ಲಿಸುತ್ತದೆ. ತೊಂದರೆ ಬರುವುದು ಹೊರಗಿನವು ಎರಡಿದ್ದಾಗ, ಅದಕ್ಕಿಂತ ಹೆಚ್ಚಾಗಿ ಅವಧಿ ಮುಗಿದ ಹಳೆಯದನ್ನು ಅರೆಬರೆ ತೆಗೆದು ಹೊಸದನ್ನು ಹಾಕಿದಾಗ. ಪಟ್ಟಿಯಿಂದ ಹೆಸರು ಹೋಗಿದ್ದರೂ ಡ್ರೈವರ್ ಉಳಿದಿರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಫ್‌ಎಲ್‌ಟಿಎಂಸಿ’ ಎಂಬ ಐದಕ್ಷರ ಹೊಡೆದರೆ ಫಿಲ್ಟರ್‌ಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಮುಂದೆ ‘ಆಲ್ಟಿಟ್ಯೂಡ್’ ಸಂಖ್ಯೆ. 3,20,000ದಿಂದ 3,29,999ರ ನಡುವಿನವು ಆ್ಯಂಟಿವೈರಸ್ ವರ್ಗದವು. ಅಲ್ಲಿ ಹೊರಗಿನ ಎರಡು ಕಂಪನಿಗಳ ಹೆಸರು ಕಂಡರೆ, ಬೇಡದ ಕಂಪನಿಯೇ ತನ್ನ ತಾಣದಲ್ಲಿ ಕೊಡುವ ರಿಮೂವಲ್ ಟೂಲ್ ಇಳಿಸಿಕೊಂಡು ಓಡಿಸಿ, ಅಗತ್ಯಬಿದ್ದರೆ ಸೇಫ್ ಮೋಡ್‌ನಲ್ಲಿ. ಡ್ರೈವರ್ ಫೈಲನ್ನು ಕೈಯಿಂದ ಅಳಿಸುವ ಸಾಹಸ ಬೇಡ, ಕಂಪ್ಯೂಟರ್ ಬೂಟ್ ಆಗದೇ ಹೋಗಬಹುದು.

ಜಾವಾ, ಪೈಥಾನ್: ಯಾವುದು ಎದ್ದು ನಿಲ್ಲುತ್ತದೆ

ಹಲವು ಆವೃತ್ತಿಗಳು ಒಟ್ಟಿಗೆ ಇರುವುದು ಇಲ್ಲಿ ಸಹಜ, ತಪ್ಪಲ್ಲ. ಕರೆದಾಗ ಯಾವುದು ಓಗೊಡುತ್ತದೆ ಎಂಬುದಷ್ಟೇ ಪ್ರಶ್ನೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಜಾವಾ’ ಎಂದು ಕೊಟ್ಟರೆ ಸಿಕ್ಕ ಎಲ್ಲ ಜಾಗಗಳೂ ಬರುತ್ತವೆ; ಮೊದಲ ಸಾಲಿನದ್ದೇ ಓಡುವುದು. ಪಾತ್ ಪಟ್ಟಿಯಲ್ಲಿ ಸಿಸ್ಟಂನದು ಮೊದಲು, ಬಳಕೆದಾರರದ್ದು ಆಮೇಲೆ. ಹಾಗಾಗಿ ಬಳಕೆದಾರರ ಪಟ್ಟಿಯಲ್ಲಿ ಎಷ್ಟು ಮೇಲಕ್ಕಿಟ್ಟರೂ ಸಿಸ್ಟಂ ಪಟ್ಟಿಯದ್ದು ಗೆಲ್ಲುತ್ತದೆ. ‘ಎನ್ವಿರಾನ್ಮೆಂಟ್ ವೇರಿಯಬಲ್ಸ್’ ಕಿಟಕಿಯಲ್ಲಿ ‘ಮೂವ್ ಅಪ್’ ಒತ್ತಿ ಬೇಕಾದ್ದನ್ನು ಮೇಲಕ್ಕೆ ತಂದ ಮೇಲೆ ಹೊಸದಾಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪರೀಕ್ಷಿಸಿ. ಆಗಲೇ ತೆರೆದಿರುವ ಕಿಟಕಿ ಹಳೆಯ ಪಟ್ಟಿಯನ್ನೇ ಹಿಡಿದಿರುತ್ತದೆ. ಪೈಥಾನ್ ಎಂದು ಹೊಡೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದರೆ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್’ ಹುಡುಕಿ ಅಲ್ಲಿನ ಪೈಥಾನ್ ಗುಂಡಿಗಳನ್ನು ಆಫ್ ಮಾಡಿ.

ಯಾರೆಂದು ಗೊತ್ತೇ ಆಗದಿದ್ದರೆ: ಕ್ಲೀನ್ ಬೂಟ್

ದಾಖಲೆಗಳಲ್ಲಿ ಸುಳಿವು ಸಿಗದಿದ್ದಾಗ ಉಳಿಯುವ ವಿಧಾನ ಅರ್ಧರ್ಧ ಮಾಡುತ್ತ ಹೋಗುವುದು. ವಿಂಡೋಸ್ ಕೀ ಮತ್ತು ಆರ್ ಒತ್ತಿ ‘ಎಂಎಸ್‌ಕಾನ್ಫಿಗ್’ ಕೊಡಿ. ‘ಸರ್ವಿಸಸ್’ ವಿಭಾಗದಲ್ಲಿ ಮೊದಲು ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್’ಗೆ ಗುರುತು ಹಾಕಿ, ಆಮೇಲೆ ‘ಡಿಸೇಬಲ್ ಆಲ್’ ಒತ್ತಿ. ಈ ಕ್ರಮ ತಪ್ಪಿದರೆ ನೆಟ್‌ವರ್ಕ್, ಪಿನ್ ಹಾಕಿ ಒಳಬರುವ ಸೌಲಭ್ಯ ಇತ್ಯಾದಿ ವಿಂಡೋಸ್‌ನ ಸ್ವಂತ ಸೇವೆಗಳೇ ನಿಂತುಹೋಗುತ್ತವೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯನ್ನೂ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿ. ಯಾವುದು ಆನ್ ಇತ್ತು ಎಂಬುದರ ಫೋಟೋ ತೆಗೆದಿಟ್ಟುಕೊಂಡಿರಿ, ಕೊನೆಗೆ ಬೇಕಾಗುತ್ತದೆ.

ಈಗ ತೊಂದರೆ ಹೋಯಿತೆಂದರೆ ಕಾರಣ ಆ ನಿಲ್ಲಿಸಿದವುಗಳಲ್ಲೇ ಇದೆ. ಅರ್ಧದಷ್ಟನ್ನು ಆನ್ ಮಾಡಿ ರೀಸ್ಟಾರ್ಟ್ ಮಾಡಿ. ತೊಂದರೆ ಮರಳಿದರೆ ಆನ್ ಮಾಡಿದ ಅರ್ಧದಲ್ಲಿದೆ, ಮರಳದಿದ್ದರೆ ಉಳಿದರ್ಧದಲ್ಲಿ. 32 ಸೇವೆಗಳಿದ್ದರೂ ಐದೇ ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಒಂದೊಂದನ್ನೇ ಪರೀಕ್ಷಿಸುತ್ತ ಕೂತರೆ 31 ಸಲ ರೀಸ್ಟಾರ್ಟ್ ಮಾಡಬೇಕಾದೀತು. ಎರಡು ಸೇವೆ ಸೇರಿದಾಗ ಮಾತ್ರ ಕೆಡುವ ತೊಂದರೆಯಾದರೆ ಎರಡು ಅರ್ಧಗಳಲ್ಲೂ ಅದು ಕಾಣದೇ ಹೋಗಬಹುದು. ಆಗ ತೊಂದರೆಗೆ ಈಡಾದ ಸಾಫ್ಟ್‌ವೇರಿನ ಸೇವೆಯನ್ನು ಎಲ್ಲ ಸುತ್ತಿನಲ್ಲೂ ಆನ್ ಇಟ್ಟುಕೊಂಡು ಉಳಿದವನ್ನು ಅರ್ಧ ಮಾಡಿ.

ಕ್ಲೀನ್ ಬೂಟ್‌ನಲ್ಲೂ ತೊಂದರೆ ಉಳಿದರೆ ವಿಂಡೋಸ್ ಫೈಲುಗಳ ಕಡೆ ನೋಡಬೇಕು. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಸಮ್ ಸಾಧನದ ‘ರಿಸ್ಟೋರ್‌ಹೆಲ್ತ್’, ಆಮೇಲೆ ಎಸ್‌ಎಫ್‌ಸಿಯ ‘ಸ್ಕ್ಯಾನ್‌ನೌ’ ಓಡಿಸಿ. ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ಎತ್ತಿಕೊಳ್ಳುವ ಉಗ್ರಾಣವನ್ನು ಸರಿಪಡಿಸುವುದೇ ಡಿಸಮ್, ಅದಕ್ಕೇ ಈ ಕ್ರಮ.

ತೆಗೆಯಲೇಬೇಕಾದಾಗ

ಕಂಟ್ರೋಲ್ ಪ್ಯಾನಲ್‌ನ ‘ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್’ನಲ್ಲಿ ‘ರಿಪೇರ್’ ಅಥವಾ ‘ಚೇಂಜ್’ ಇದ್ದರೆ ಮೊದಲು ಅದನ್ನು ಮಾಡಿ. ಅದೇ ಪಟ್ಟಿಯಲ್ಲಿ ಒಂದೇ ಸಾಫ್ಟ್‌ವೇರ್ ಎರಡು ಸಲ ಕಾಣುತ್ತಿದೆಯೇ ನೋಡಿ. ಒಂದು ಎಲ್ಲ ಬಳಕೆದಾರರಿಗೆಂದು ಪ್ರೋಗ್ರಾಂ ಫೈಲ್ಸ್‌ನಲ್ಲಿ, ಇನ್ನೊಂದು ಒಬ್ಬರಿಗೆಂದು ಆ್ಯಪ್‌ಡೇಟಾದಲ್ಲಿ ಇರುವುದು ಸಾಮಾನ್ಯ. ಅಪ್‌ಡೇಟ್ ಒಂದಕ್ಕೆ ಆಗಿರುತ್ತದೆ, ಶಾರ್ಟ್‌ಕಟ್ ಇನ್ನೊಂದನ್ನು ತೆರೆಯುತ್ತಿರುತ್ತದೆ.

ಅನ್‌ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಪ್ರೋಗ್ರಾಂ ಫೈಲ್ಸ್ ಒಳಗಿನ ಫೋಲ್ಡರನ್ನು ಅಳಿಸಬೇಡಿ. ಅನ್‌ಇನ್‌ಸ್ಟಾಲರ್ ಇರುವುದು ಬಹುತೇಕ ಅಲ್ಲೇ. ಮೈಕ್ರೋಸಾಫ್ಟ್‌ನ ‘ಪ್ರೋಗ್ರಾಂ ಇನ್‌ಸ್ಟಾಲ್ ಅಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್’ ಇಂಥ ಸಿಕ್ಕುಗಳಿಗೆಂದೇ ಇದೆ, ಕೆಟ್ಟ ರಿಜಿಸ್ಟ್ರಿ ನಮೂದುಗಳನ್ನು ಅದು ಸರಿಪಡಿಸುತ್ತದೆ. ಜಾಗ ಉಳಿಸಲೆಂದು ವಿಂಡೋಸ್ ಫೋಲ್ಡರಿನೊಳಗೆ ಅಡಗಿರುವ ‘ಇನ್‌ಸ್ಟಾಲರ್’ ಫೋಲ್ಡರನ್ನು ಖಾಲಿ ಮಾಡುವವರಿದ್ದಾರೆ. ಅದರಲ್ಲಿರುವುದು ಪ್ರತಿ ಸಾಫ್ಟ್‌ವೇರಿನ ರಿಪೇರಿಗೂ ಅಪ್‌ಡೇಟ್‌ಗೂ ತೆಗೆಯುವುದಕ್ಕೂ ಬೇಕಾದ ಮೂಲ ಪ್ರತಿ. ಅದು ಹೋದರೆ ಆ ಸಾಫ್ಟ್‌ವೇರ್ ಹೊಸದಾಗುವುದೂ ಇಲ್ಲ, ಹೋಗುವುದೂ ಇಲ್ಲ. ರಿಜಿಸ್ಟ್ರಿ ಕ್ಲೀನರ್‌ಗಳಿಂದಲೂ ದೂರ ಇರಿ. ಮೈಕ್ರೋಸಾಫ್ಟ್ ಅವುಗಳ ಬಳಕೆಯನ್ನು ಬೆಂಬಲಿಸುವುದಿಲ್ಲ. ಉಳಿಕೆಗಳನ್ನು ನೋಡಬೇಕಿದ್ದರೆ ಸಿಸ್‌ಇಂಟರ್ನಲ್ಸ್‌ನ ‘ಆಟೋರನ್ಸ್’ ಸಾಕು. ಫೈಲೇ ಇಲ್ಲದೆ ಉಳಿದ ನಮೂದುಗಳನ್ನು ಅದು ಹಳದಿಯಲ್ಲಿ ತೋರಿಸುತ್ತದೆ. ಅಳಿಸುವ ಬದಲು ಗುರುತು ತೆಗೆದು ಒಂದೆರಡು ದಿನ ನೋಡಿ.

ತೆಗೆದ ಮೇಲೆ, ಹೊಸದನ್ನು ಹಾಕುವ ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕು. ಬಳಕೆಯಲ್ಲಿರುವ ಫೈಲನ್ನು ಅನ್‌ಇನ್‌ಸ್ಟಾಲರ್ ಆ ಕ್ಷಣಕ್ಕೆ ಅಳಿಸಲಾರದು. ‘ಮುಂದಿನ ಸಲ ಶುರುವಾಗುವಾಗ ಇದನ್ನು ತೆಗೆ’ ಎಂದು ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ. ರೀಸ್ಟಾರ್ಟ್ ಮಾಡದೆ ಹೊಸ ಆವೃತ್ತಿ ಹಾಕಿದರೆ, ಆಮೇಲೆ ಎಂದೋ ರೀಸ್ಟಾರ್ಟ್ ಆದಾಗ ಆ ಹಳೆಯ ಆದೇಶದಂತೆ ಹೊಸ ಫೈಲೇ ಅಳಿದುಹೋಗಬಹುದು. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಇದಕ್ಕೆ ಬದಲಾಗುವುದಿಲ್ಲ. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ವೇಳೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಉಳಿಸಿ, ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಪವರ್ ಮೆನುವಿನಲ್ಲಿ ‘ರೀಸ್ಟಾರ್ಟ್’ ಅನ್ನೇ ಒತ್ತಿ, ಒಳಬಂದ ಮೇಲೆ ಹಿನ್ನೆಲೆ ಕೆಲಸಗಳು ತಣ್ಣಗಾಗಲು ಎರಡು ಮೂರು ನಿಮಿಷ ಬಿಟ್ಟು ಇನ್‌ಸ್ಟಾಲ್ ಶುರುಮಾಡಿ.